ಯಾವ ಕೀಗೆ ಯಾವ ಪ್ಯಾಡ್? ಕರಾವಳಿಯ ಒಂದು ಸ್ಯಾಕ್ಸೋಫೋನಿನ ಪ್ರಕರಣ

ಕುಮಟಾ ಮತ್ತು ಹೊನ್ನಾವರದ ನಡುವಿನ ಒಂದು ಹಳ್ಳಿಯ ಕಲಾವಿದರ ಆಲ್ಟೊ ಸ್ಯಾಕ್ಸೋಫೋನಿಗೆ, ತಾನಾಗಿ ಸಮ ಕೂರುವ ಪ್ಯಾಡ್ ಮಾಡಿ ಕೂರಿಸಿದ ಕೆಲಸದ ವಿವರ ಇದು. ಕೀಯ ತಳದಲ್ಲಿದ್ದು ವಾದ್ಯದ ರಂಧ್ರ ಮುಚ್ಚುವ ಮೆತ್ತೆಯೇ ಪ್ಯಾಡ್. ಅವರ ಹೆಸರು, ಊರು, ವಾದ್ಯದ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ಸಂಗತಿ ಬದಲಿಸಿದ್ದೇನೆ. ನಾನು ಹಾರ್ಮೋನಿಯಂ ಮತ್ತು ಊದುವ ವಾದ್ಯಗಳ ರಿಪೇರಿ ಮಾಡುವವನು. ಇಂಥ ಪ್ಯಾಡನ್ನು ಎಲ್ಲ ಕೀಗೂ ಹಾಕಬಹುದಾ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸಿ, ನುಡಿಸುವವರ ವಾದ್ಯಕ್ಕೆ ಈ ಪ್ರಶ್ನೆಯ ಉತ್ತರವೇ ಬೇರೆ. ಅದನ್ನು ತಿಳಿಸಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ವಾದ್ಯ ಮತ್ತು ಮಳೆ

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದಾಗ ಅವನ ಕಣ್ಣ ಮುಂದೆ ಮುಖ್ಯವಾಗಿ ಇದ್ದದ್ದು ಮಿಲಿಟರಿ ಬ್ಯಾಂಡು. ಒಂದು ಕೀ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದರು. ವರ್ಷಗಟ್ಟಲೆ ದುಡಿದು ಅದರಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಇವತ್ತು ಕರಾವಳಿಯ ಮದುವೆ ಮನೆ, ದೇವಸ್ಥಾನದ ಉತ್ಸವ, ಮೆರವಣಿಗೆ ಎಲ್ಲ ಕಡೆ ಸ್ಯಾಕ್ಸೋಫೋನ್ ಕೇಳುತ್ತದೆ. ಉತ್ತರ ಕನ್ನಡದಲ್ಲಿ ಪಂಚವಾದ್ಯದವರ ಮನೆಗಳಲ್ಲೂ ಅದು ಬಂದಿದೆ.

ನಮ್ಮ ಕಲಾವಿದರೂ ಅಂಥ ಮನೆಯವರೇ. ವಯಸ್ಸು ಐವತ್ತು ದಾಟಿದೆ. ಚಿಕ್ಕವರಿದ್ದಾಗ ಮಂಗಳೂರು ಕಡೆ ಹೋಗಿ ಕಲಿತವರು. ನಾನು ಅವರಿಗೆ ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ತಮಾ ಅಂತ ಕರೆಯುತ್ತಾರೆ. ಅವರ ದೂರು ಒಂದೇ. ಪ್ರತಿ ಮಳೆಗಾಲ ಕಳೆದ ಮೇಲೆ ಕೆಳಗಿನ ಸ್ವರಗಳು ಕೈಕೊಡುತ್ತವೆ. ವಾದ್ಯದ ಅತಿ ತಗ್ಗಿನ ಎರಡು ಸ್ವರಗಳಾದ ಲೋ ಬಿ, ಲೋ ಬಿ ಫ್ಲಾಟ್ ಊದಿದರೆ ಗೊಳಗೊಳ ಅನ್ನುತ್ತದೆ. ಸ್ವರ ಹೊರಡಬೇಕಾದರೆ ಕೀಗಳನ್ನು ಹಿಂಡಬೇಕು. ಮೂರು ತಾಸು ನುಡಿಸಿದ ಮೇಲೆ ಬಲಗೈ ಬೆರಳು ಮಡಚಲು ಆಗುವುದಿಲ್ಲ.

ಕಾರಣ ತಿಳಿಯಬೇಕಾದರೆ ಪ್ಯಾಡ್ ಅಂದರೆ ಏನು ಅಂತ ನೋಡಬೇಕು. ಆಲ್ಟೊದಲ್ಲಿ ಸುಮಾರು 25 ಪ್ಯಾಡ್ ಇರುತ್ತವೆ. ಹಿಂದೆ ಗಟ್ಟಿ ರಟ್ಟು, ಮೇಲೆ ಫೆಲ್ಟ್, ಅದರ ಮೇಲೆ ತೆಳು ಮೇಕೆ ಚರ್ಮ, ಮಧ್ಯದಲ್ಲಿ ರೆಸೊನೇಟರ್ ಅನ್ನುವ ಬಿಲ್ಲೆ. ಒಟ್ಟು ದಪ್ಪ 4 ಮಿ.ಮೀ. ಆಸುಪಾಸು. ಕೀಯ ಬಟ್ಟಲಿನೊಳಗೆ ಅದನ್ನು ಅರಗಿನಿಂದ ಅಂಟಿಸುತ್ತಾರೆ. ಕೀ ಒತ್ತಿದಾಗ ಪ್ಯಾಡು ರಂಧ್ರದ ಅಂಚನ್ನು ಸುತ್ತಲೂ ಒಂದೇ ಸಲಕ್ಕೆ ಮುಟ್ಟಬೇಕು. ಆದರೆ ಬಟ್ಟಲು ಒಂದು ಬದಿಯ ಕೀಲಿನ ಮೇಲೆ ತಿರುಗುತ್ತದೆ. ಪ್ಯಾಡು ಸ್ವಲ್ಪ ಉಬ್ಬಿದರೂ ಕೀಲಿನ ಬದಿ ಮೊದಲು ತಾಗುತ್ತದೆ, ಮುಂದಿನ ಬದಿ ಬಾಯಿ ಬಿಡುತ್ತದೆ. ಕೀಲಿನ ಬುಡಕ್ಕೆ ಕಲ್ಲು ಸಿಕ್ಕ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಅಲ್ವಾ, ಹಾಗೇ.

ಕಾರವಾರದಿಂದ ಭಟ್ಕಳದವರೆಗೆ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆ ನಾಲ್ಕು ತಿಂಗಳು ವಾದ್ಯ ಪೆಟ್ಟಿಗೆಯಲ್ಲೇ ಇದ್ದರೂ ಫೆಲ್ಟ್ ತೇವ ಹೀರುತ್ತದೆ, ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಆಮೇಲೆ ಚಳಿಗಾಲದ ಒಣ ಗಾಳಿಗೆ ಒಣಗಿ ಕುಗ್ಗುತ್ತದೆ. ಕುಗ್ಗುವಾಗ ಸುತ್ತಲೂ ಒಂದೇ ಸಮ ಕುಗ್ಗುವುದಿಲ್ಲ. ಇನ್ನೊಂದು ವಿಷಯ. ಲೋ ಬಿ ಫ್ಲಾಟ್ ಹೊರಡಬೇಕಾದರೆ ಮೇಲಿನ ರಂಧ್ರಗಳೆಲ್ಲ ಮುಚ್ಚಿರಬೇಕು. ಎಲ್ಲೋ ಮೇಲೆ ಕೂದಲೆಳೆಯಷ್ಟು ಸೋರಿದರೂ ಪೆಟ್ಟು ಬೀಳುವುದು ಕೆಳಗಿನ ಸ್ವರಕ್ಕೆ. ಹಾಗಾಗಿ ದೂರು ಇರುವ ಕೀಯಲ್ಲೇ ಸೋರಿಕೆ ಇರುತ್ತದೆ ಅಂತ ನಂಬಬಾರದು.

ಎಲ್ಲಿ ಸೋರುತ್ತಿತ್ತು

ಚೌತಿ ಮುಗಿದ ಮೇಲೆ ವಾದ್ಯ ನನ್ನ ಕೈಗೆ ಬಂತು. ಮದುವೆ ಸೀಸನ್ ಶುರುವಾಗುವ ಮೊದಲು ವಾಪಸ್ ಕೊಡಬೇಕಿತ್ತು. ಅಣ್ಣ ಎಲ್ಲೋ ತಾನಾಗಿ ಸಮ ಕೂರುವ ಪ್ಯಾಡಿನ ಬಗ್ಗೆ ಕೇಳಿದ್ದರು. ಬಟ್ಟಲಿಗೆ ಪೂರ್ತಿ ಅಂಟದೆ, ಮಧ್ಯದ ಒಂದು ಬಿಂದುವಿನ ಮೇಲೆ ಮಾತ್ರ ಕೂತ ಗಟ್ಟಿ ತಟ್ಟೆ ಅದು. ರಂಧ್ರದ ಅಂಚು ಹೇಗಿದೆಯೋ ಹಾಗೆ ವಾಲಿ ಕೂರುತ್ತದೆ. "ಎಲ್ಲದಕ್ಕೂ ಅದನ್ನೇ ಹಾಕಿಬಿಡು ತಮಾ, ಪ್ರತಿ ವರ್ಷದ ಈ ರಗಳೆ ಬೇಡ" ಅಂದರು.

ಹಾಕುವ ಮೊದಲು ಸೋರಿಕೆಯ ಕಾರಣಗಳನ್ನು ಬೇರೆ ಬೇರೆ ಮಾಡಿಕೊಳ್ಳುವುದು ಅಂತ ತೀರ್ಮಾನ ಮಾಡಿದೆ. ಈ ಕೆಲಸದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದೇ ಅಂತ ಈಗಲೂ ಹೇಳುತ್ತೇನೆ. ಪ್ಯಾಡು ಓರೆ ಇರಬಹುದು. ರಂಧ್ರದ ಅಂಚೇ ತಗ್ಗು ದಿಣ್ಣೆ ಇರಬಹುದು. ಕೀಲು ಸವೆದು ಬಟ್ಟಲು ಆಚೀಚೆ ಅಲ್ಲಾಡುತ್ತಿರಬಹುದು. ತಾನಾಗಿ ಸಮ ಕೂರುವ ಪ್ಯಾಡ್ ಮೊದಲನೆಯದಕ್ಕೆ ಮಾತ್ರ ಮದ್ದು. ಅಂಚು ತಗ್ಗಾಗಿದ್ದರೆ ಅದು ರೋಗ ಹೆಚ್ಚಿಸುತ್ತದೆ. ದಪ್ಪ ಫೆಲ್ಟ್ ಆದರೆ ತಗ್ಗಿನೊಳಗೆ ಇಳಿದು ಹೇಗೋ ಮುಚ್ಚಿಕೊಳ್ಳುತ್ತದೆ. ಗಟ್ಟಿ ತಟ್ಟೆಗೆ ಆ ಉಪಕಾರ ಗೊತ್ತಿಲ್ಲ.

ಅಲಂಕಾರಕ್ಕೆ ಬಳಸುವ ಎಲ್‌ಇಡಿ ಪಟ್ಟಿಯ ಒಂದು ತುಂಡನ್ನು ವಾದ್ಯದ ಒಳಗೆ ಇಳಿಸಿ ಕತ್ತಲೆಯಲ್ಲಿ ನೋಡಿದೆ. ಕೀಯನ್ನು ಗಟ್ಟಿ ಒತ್ತಿ ನೋಡಿದರೆ ಪ್ರಯೋಜನ ಇಲ್ಲ, ಹಿಂಡಿದರೆ ಎಲ್ಲ ಪ್ಯಾಡೂ ಮುಚ್ಚುತ್ತದೆ. ಬೆರಳು ಬರೀ ಮುಟ್ಟಿದಷ್ಟು ಭಾರದಲ್ಲಿ ನೋಡಬೇಕು. ಆಮೇಲೆ ತೆಳು ಸಿಗರೇಟ್ ಕಾಗದದ ಎಳೆಯನ್ನು ಪ್ಯಾಡಿನ ಹಿಂದೆ, ಮುಂದೆ, ಎರಡೂ ಪಕ್ಕ ಇಟ್ಟು ಎಳೆದೆ. ನಾಲ್ಕೂ ಕಡೆ ಎಳೆತ ಒಂದೇ ಇರಬೇಕು. ಇಲ್ಲಿ ಹೆಚ್ಚಿನ ಕೀಗಳಲ್ಲಿ ಹಿಂದೆ ಬಿಗಿ, ಮುಂದೆ ಸಡಿಲ.

ಲೇತಿನಲ್ಲಿ ಮಟ್ಟಸ ಮಾಡಿಸಿದ ಹಿತ್ತಾಳೆ ಬಿಲ್ಲೆಗಳನ್ನು ರಂಧ್ರಗಳ ಮೇಲೆ ಇಟ್ಟು ಬೆಳಕು ನೋಡಿದಾಗ ಲೋ ಬಿ ಫ್ಲಾಟ್ ರಂಧ್ರದ ಒಂದು ಬದಿ ತಗ್ಗಿರುವುದು ಕಂಡಿತು. ಯಾವಾಗಲೋ ವಾದ್ಯ ಬಿದ್ದು ಗಂಟೆಯ ಹಾಗೆ ಬಾಯಿ ಅಗಲಿಸಿದ ತುದಿಯ ಭಾಗಕ್ಕೆ ಏಟಾಗಿತ್ತು. ಬಲಗೈ ಕೀಗಳ ಕೀಲುಗಳೂ ಸಡಿಲ ಇದ್ದವು. ಇವೆರಡನ್ನು ಮೊದಲು ಸರಿ ಮಾಡಿದೆ. ತಗ್ಗನ್ನು ಒಳಗಿನಿಂದ ಸಣ್ಣಗೆ ತಟ್ಟಿ ಮೇಲೆತ್ತಿದೆ. ಅರ ಹಾಕಿ ಉಜ್ಜುವುದು ಕೊನೆಯ ದಾರಿ, ಯಾಕೆಂದರೆ ಉಜ್ಜಿದ ಲೋಹ ವಾಪಸ್ ಬರುವುದಿಲ್ಲ. ಕೀಲಿನ ಕೊಳವೆಯ ತುದಿಗಳನ್ನು ಸುತ್ತಲೂ ಅದುಮಿ ಚೂರೇ ಉದ್ದ ಮಾಡಿದರೆ ಕಂಬಗಳ ನಡುವೆ ಅಲ್ಲಾಟ ನಿಲ್ಲುತ್ತದೆ. ಇಷ್ಟಕ್ಕೇ, ಹಳೆಯ ಪ್ಯಾಡಿನಲ್ಲೇ, ಕೆಳಗಿನ ಸ್ವರ ಅರ್ಧಕ್ಕರ್ಧ ಸುಧಾರಿಸಿತು.

ತಟ್ಟೆಯ ವಿನ್ಯಾಸ

ಹೊಸ ಪ್ಯಾಡಿನ ವಿನ್ಯಾಸಕ್ಕೆ ಅಣ್ಣ ಒಂದು ಷರತ್ತು ಹಾಕಿದರು. ಬಟ್ಟಲಿಗೆ ತೂತು ಹೊಡೆಯಬಾರದು, ಬೇಡ ಅನ್ನಿಸಿದರೆ ವಾದ್ಯ ಮೊದಲಿನ ಹಾಗೆ ಆಗಬೇಕು. ಈ ಷರತ್ತು ಒಳ್ಳೆಯದೇ ಆಯಿತು.

ನಾವು ಮಾಡಿದ್ದು ಹೀಗೆ. ಅಗಲ ಬುಡದ ಒಂದು ಪುಟ್ಟ ಹಿತ್ತಾಳೆ ಗುಬುಟು ಬಟ್ಟಲಿನ ನಟ್ಟ ನಡುವೆ ಕೂರುತ್ತದೆ. ಅದರ ಭುಜ ದುಂಡಗಿದೆ. ತಟ್ಟೆ ಆ ದುಂಡಿನ ಮೇಲೆ ಕೂತು ಎಲ್ಲ ಕಡೆ ವಾಲುತ್ತದೆ. ಮುಂದಿನಿಂದ ರೆಸೊನೇಟರ್ ಬಿಲ್ಲೆಯ ಮೂಲಕ ಒಂದು ಸಣ್ಣ ಸ್ಕ್ರೂ ಹೋಗಿ ಗುಬುಟಿನಲ್ಲಿ ಬಿಗಿಯುತ್ತದೆ. ಬಿಲ್ಲೆಗೂ ತಟ್ಟೆಗೂ ನಡುವೆ ಮೆತ್ತನೆಯ ಸಿಲಿಕಾನ್ ಓ ರಿಂಗ್. ಈ ರಿಂಗಿಗೆ ಎರಡು ಕೆಲಸ. ತಟ್ಟೆ ವಾಲಬೇಕಾದರೆ ಸ್ಕ್ರೂ ಹೋಗುವ ತೂತು ಸಡಿಲ ಇರಲೇಬೇಕು, ಆ ಸಡಿಲಿನಿಂದ ಗಾಳಿ ಸೋರದಂತೆ ಅದು ತಡೆಯುತ್ತದೆ. ಕೀ ತೆರೆದಾಗ ತಟ್ಟೆ ಒಂದು ಕಡೆ ಜೋಲು ಬೀಳದ ಹಾಗೆ ಮೆಲ್ಲಗೆ ನಡುವಿಗೆ ತರುತ್ತದೆ. ರಿಂಗ್ ಬಿಗಿಯಾದರೆ ತಟ್ಟೆ ವಾಲುವುದೇ ಇಲ್ಲ, ಸಡಿಲವಾದರೆ ಗಾಳಿ ಸೋರುತ್ತದೆ. ಎಂಜಿನ್ ಕೆಲಸದ ಕಪ್ಪು ರಬ್ಬರ್ ರಿಂಗ್ ಈ ಅಳತೆಯಲ್ಲಿ ತುಂಬ ಗಡಸು. ಸಿಲಿಕಾನ್ ಸರಿಹೋಯಿತು.

ಎಷ್ಟು ವಾಲಬೇಕು? 32 ಮಿ.ಮೀ. ಅಗಲದ ತಟ್ಟೆ ಒಂದು ಡಿಗ್ರಿ ವಾಲಿದರೆ ಈ ಅಂಚಿಗೂ ಎದುರಿನ ಅಂಚಿಗೂ ಅರ್ಧ ಮಿ.ಮೀ.ಗಿಂತ ಚೂರು ಜಾಸ್ತಿ ವ್ಯತ್ಯಾಸ ಬರುತ್ತದೆ. ಅಷ್ಟು ಧಾರಾಳ ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಕೀಯ ತೋಳು ಸೊಟ್ಟಗಿದೆ ಅಂತ ಅರ್ಥ. ಮೊದಲು ತೋಳು ನೆಟ್ಟಗೆ ಮಾಡಬೇಕು.

ತಟ್ಟೆಗೆ ಯಾವ ವಸ್ತು ಅನ್ನುವುದೇ ದೊಡ್ಡ ಚರ್ಚೆ ಆಯಿತು. ಹಗುರ, ಗಟ್ಟಿ, ಅಗ್ಗ ಅಂತ ಅಲ್ಯೂಮಿನಿಯಂ ಹಾಳೆ ನನ್ನ ಮನಸ್ಸಿನಲ್ಲಿತ್ತು. ಗುಬುಟು ಮಾಡಿಸಲು ಕಾರವಾರದ ಬೈತಖೋಲ ಬಂದರಿನ ಹತ್ತಿರದ ಲೇತಿಗೆ ಹೋಗಿದ್ದೆ. ಅಲ್ಲಿಯವರು ಮೀನುಗಾರಿಕೆ ಬೋಟಿನ ಎಂಜಿನ್ ಕೆಲಸ ಮಾಡುವವರು. ಚಿತ್ರ ನೋಡಿದ ಕೂಡಲೇ "ಹಿತ್ತಾಳೆ ಪಕ್ಕ ಅಲ್ಯೂಮಿನಿಯಂ ಇಡ್ತೀರಾ? ಉಪ್ಪು ನೀರಿಗೆ ತಿಂದು ಹೋಗ್ತದೆ" ಅಂದರು. ಎರಡು ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪಿನ ತೇವ ಇದ್ದರೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ. ಕರಾವಳಿಯ ಗಾಳಿ, ಜೊತೆಗೆ ಊದುವವರ ಉಸಿರಿನ ತೇವ. ಹಿತ್ತಾಳೆ, ಅಲ್ಯೂಮಿನಿಯಂ ತುಂಡು ಎರಡನ್ನೂ ಸೇರಿಸಿ ಸ್ಕ್ರೂ ಬಿಗಿದು ಉಪ್ಪು ನೀರಿನ ಡಬ್ಬಿಯಲ್ಲಿ ಇಟ್ಟೆವು. ತೂತಿನ ಸುತ್ತ ಬಿಳಿ ಪುಡಿ ಕಟ್ಟಿತು. ಅಲ್ಯೂಮಿನಿಯಂ ಕೈಬಿಟ್ಟೆವು. ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಬಳಸುವ, ತಾಮ್ರ ಇಲ್ಲದ ಗ್ಲಾಸ್ ಫೈಬರ್ ಹಾಳೆ ಹುಡುಕಿ ತಂದೆ. ಅಲ್ಯೂಮಿನಿಯಂಗಿಂತಲೂ ಹಗುರ, ಮಟ್ಟಸ, ಉಪ್ಪಿಗೆ ಜಗ್ಗುವುದಿಲ್ಲ. ಕತ್ತರಿಸುವಾಗ ಧೂಳು ಮೂಗಿಗೆ ಹೋಗಬಾರದು, ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿಕೊಂಡೇ ಕತ್ತರಿಸಿ.

ಗುಬುಟನ್ನು ಅಂಟಿಸಲು ಅರಾಲ್ಡೈಟ್ ಹಾಕೋಣ ಅಂತ ಲೇತಿನವರು ಹೇಳಿದರು. ಗಟ್ಟಿ ನಿಲ್ಲುತ್ತದೆ, ನಿಜ. ಆದರೆ ಅಣ್ಣನ ಷರತ್ತು ನೆನಪಿತ್ತು. ಅಕ್ಕಸಾಲಿಗರು ಬಳಸುವಂಥ ಅರಗನ್ನೇ ಆರಿಸಿದೆ. ಬಟ್ಟಲಿನ ಹಿಂದೆ ಬಿಸಿ ತೋರಿಸಿದರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಗ್ಲೂ ಗನ್ನಿನ ಅಂಟಂತೂ ಬೇಡ, ಏಪ್ರಿಲ್ ಬಿಸಿಲಿನಲ್ಲಿ ಮೆರವಣಿಗೆ ಹೋದರೆ ಅದು ಜಾರುತ್ತದೆ.

ತಟ್ಟೆಯ ಮುಖಕ್ಕೆ ಒಂದು ಮಿ.ಮೀ. ತೆಳು ಫೆಲ್ಟ್, ಅದರ ಮೇಲೆ ಹೊಸ ಪ್ಯಾಡುಗಳಿಂದ ಬಿಚ್ಚಿದ ಚರ್ಮ. ಒಟ್ಟು ದಪ್ಪ ಹಳೆಯ ಪ್ಯಾಡಿನಷ್ಟೇ ಬರುವ ಹಾಗೆ ಗುಬುಟಿನ ಎತ್ತರ ಹೊಂದಿಸಿದೆವು. ಇಲ್ಲದಿದ್ದರೆ ಕೀ ತೆರೆಯುವ ಎತ್ತರ ಬದಲಾಗಿ ಶ್ರುತಿ ಏರುಪೇರಾಗುತ್ತದೆ. ತಟ್ಟೆಯ ಸುತ್ತ ಬಟ್ಟಲಿನ ಗೋಡೆಗೆ ತಾಗದಷ್ಟು ಜಾಗ ಬಿಟ್ಟೆವು. ಬಟ್ಟಲಿನ ತಳಕ್ಕೆ ಫೆಲ್ಟಿನ ಒಂದು ತೆಳು ಬಳೆ ಇಟ್ಟಿದ್ದರಿಂದ ಕೀ ಬಿಟ್ಟಾಗ ಟಕ್ ಅನ್ನುವ ಸದ್ದು ಬರಲಿಲ್ಲ.

ಹಾಕಿ ನೋಡಿದಾಗ

ಎಲ್ಲ ಕೀಗೂ ಒಟ್ಟಿಗೆ ಹಾಕಲಿಲ್ಲ. ಮೊದಲು ಲೋ ಇ ಫ್ಲಾಟ್ ಮತ್ತು ಜಿ ಶಾರ್ಪ್. ಈ ಎರಡು ಕೀಗಳು ಒತ್ತದೆ ಇದ್ದಾಗ ಮುಚ್ಚಿಯೇ ಇರುತ್ತವೆ, ಒತ್ತಿದರೆ ತೆರೆಯುತ್ತವೆ. ಮುಚ್ಚುವುದು ಸ್ಪ್ರಿಂಗ್, ಬೆರಳಲ್ಲ. ಸೋರಿದರೆ ಹಿಂಡಿ ಸರಿ ಮಾಡುವ ದಾರಿಯೇ ಇಲ್ಲ. ಸ್ಪ್ರಿಂಗಿನ ಶಕ್ತಿ ಕಡಿಮೆ, ಅದರಲ್ಲೇ ಸುತ್ತಲೂ ಮುಚ್ಚಬೇಕು. ಇಂಥಲ್ಲಿ ಸಮ ಕೂರುವ ತಟ್ಟೆ ಎಷ್ಟು ಉಪಕಾರಿ ಅಂತ ಆ ದಿನವೇ ಗೊತ್ತಾಯಿತು. ಕಾಗದದ ಎಳೆ ನಾಲ್ಕೂ ಕಡೆ ಒಂದೇ ಬಿಗಿಯಲ್ಲಿ ನಿಂತಿತು.

ಧೈರ್ಯ ಬಂದು ಬಲಗೈಯ ಎಫ್ ಮತ್ತು ಇ ಕೀಗಳಿಗೂ ಹಾಕಿದೆವು. ಅಣ್ಣ ಕೂತು ಸರಳೆ, ಜಂಟಿ ಸರಳೆ ನುಡಿಸಿದರು. ಸ್ವರಗಳು ಬಿಡಿಸಿಟ್ಟ ಹಾಗೆ ಸ್ಪಷ್ಟ. ಬೆರಳು ಬರೀ ಮುಟ್ಟಿದರೆ ಸಾಕು, ಲೋ ಬಿ ಫ್ಲಾಟ್ ತುಂಬಿ ಬಂತು. ಅವರ ಮುಖ ನೋಡಿ ನನಗೂ ಖುಷಿಯಾಯಿತು. ಆಮೇಲೆ ಅವರು ತೋಡಿ ರಾಗ ಎತ್ತಿಕೊಂಡರು. ಗಾಂಧಾರದ ಹತ್ತಿರ ಬಂದು ನಿಂತುಬಿಟ್ಟರು. ಮತ್ತೆ ನುಡಿಸಿದರು, ಮತ್ತೆ ನಿಂತರು.

"ಎರಡು ಸ್ವರ ಅದೆ ತಮಾ. ನಡುವೆ ದಾರಿ ಇಲ್ಲ" ಅಂದರು.

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. ತೋಡಿಯ ಗಾಂಧಾರ ಅಲುಗಾಡುತ್ತಲೇ ಇರುವ ಸ್ವರ. ಸ್ಯಾಕ್ಸೋಫೋನಿನಲ್ಲಿ ಆ ಅಲುಗಾಟ ಬರುವುದು ಸ್ವಲ್ಪ ತುಟಿಯಿಂದ, ಸ್ವಲ್ಪ ಬೆರಳಿನಿಂದ. ಅಣ್ಣ ಬೆರಳನ್ನು ಪೂರ್ತಿ ಎತ್ತುವುದಿಲ್ಲ, ಒತ್ತಡ ಮೆಲ್ಲಗೆ ಸಡಿಲಿಸುತ್ತಾರೆ. ದಪ್ಪ ಫೆಲ್ಟಿನ ಪ್ಯಾಡು ಆಗ ನಿಧಾನಕ್ಕೆ ಉಬ್ಬುತ್ತ, ಮುಂದಿನ ಬದಿಯಿಂದ ಚೂರು ಚೂರೇ ಬಾಯಿ ಬಿಡುತ್ತದೆ. ಆ ಸಣ್ಣ ಜಾಗದಲ್ಲೇ ಅವರ ಜಾರು, ಕಂಪಿತ ಎಲ್ಲ ಇರುವುದು. ಗಟ್ಟಿ ತಟ್ಟೆ, ತೆಳು ಫೆಲ್ಟ್ ಆದಾಗ ಆ ಜಾಗ ಹೋಯಿತು. ಬೆರಳು ಸಡಿಲಿಸುತ್ತ ಬಂದರೂ ತಟ್ಟೆ ಅಂಚಿಗೆ ಅಂಟಿಕೊಂಡೇ ಇರುತ್ತದೆ, ಆಮೇಲೆ ಸುತ್ತಲೂ ಒಮ್ಮೆಲೇ ಏಳುತ್ತದೆ. ಬ್ಯಾಂಡು ನುಡಿಸುವವರಿಗೆ ಇದು ವರ. ಇವರ ಸಂಗೀತಕ್ಕೆ ಅದೇ ಅಡ್ಡಿ.

ನಡುವಿನ ದಾರಿ ಹುಡುಕಿದೆವು. ತಟ್ಟೆಯ ಮುಖಕ್ಕೆ ಎರಡು ಮಿ.ಮೀ. ಫೆಲ್ಟ್ ಹಾಕಿದೆವು. ಜಾರು ಸ್ವಲ್ಪ ವಾಪಸ್ ಬಂತು. ಆದರೆ ಈಗ ಫೆಲ್ಟೂ ಒತ್ತಿಕೊಳ್ಳುತ್ತದೆ, ಹಿಂದೆ ಬಟ್ಟಲಿನ ತಳದ ಬಳೆಯೂ ಒತ್ತಿಕೊಳ್ಳುತ್ತದೆ. ಕೀ ಎಲ್ಲಿ ಮುಚ್ಚಿತು ಅಂತ ಬೆರಳಿಗೆ ತಿಳಿಯುವುದೇ ಇಲ್ಲ. ಅಣ್ಣನಿಗೆ ಅದು ಇನ್ನೂ ಕಿರಿಕಿರಿ ಆಯಿತು. ಅವರು ಹೊಂದಿಕೊಳ್ಳಲಿ, ಅಭ್ಯಾಸವಾದರೆ ಬರುತ್ತದೆ ಅಂತ ಹೇಳಬಹುದಿತ್ತು. ನನಗೆ ಅದು ಸರಿ ಅನ್ನಿಸಲಿಲ್ಲ. ಮೂವತ್ತು ವರ್ಷದ ಕೈ ಅದು. ವಾದ್ಯ ಕೈಗೆ ಹೊಂದಬೇಕು.

ಕೊನೆಗೆ ತೀರ್ಮಾನ ಹೀಗಾಯಿತು. ಗಮಕಕ್ಕೆ ಬೆರಳು ನೇರ ಕೂರುವ ಕೀಗಳಿಗೆಲ್ಲ ಮೆತ್ತನೆಯ ಹಳೆಯ ಕ್ರಮದ ಪ್ಯಾಡೇ. ಹೊಸ ಪ್ಯಾಡ್ ಹಾಕಿ, ಅರಗನ್ನು ಬಿಸಿ ಮಾಡಿ ತೇಲಿಸಿ, ಬೆಳಕಿನಲ್ಲಿ ಒಂದೊಂದನ್ನೂ ಸಮ ಮಾಡಿದೆ. ಕೀಲು ಸರಿಯಾಗಿದ್ದರಿಂದ ಈ ಕೆಲಸ ಮೊದಲಿಗಿಂತ ಸುಲಭ ಆಯಿತು. ತಾನಾಗಿ ಸಮ ಕೂರುವ ತಟ್ಟೆ ಜಿ ಶಾರ್ಪ್, ಲೋ ಇ ಫ್ಲಾಟ್, ಲೋ ಸಿ ಶಾರ್ಪ್, ಲೋ ಸಿ, ಲೋ ಬಿ, ಲೋ ಬಿ ಫ್ಲಾಟ್ ಕೀಗಳಿಗೆ ಮಾತ್ರ. ಇವು ಉದ್ದ ಸನ್ನೆಯ ಕೀಗಳು, ಕಿರುಬೆರಳಿನಿಂದ ಆಡುವಂಥವು. ಇಲ್ಲಿ ಯಾರೂ ಜಾರು ನುಡಿಸುವುದಿಲ್ಲ. ಜಿ ಶಾರ್ಪ್ ಬಿಟ್ಟರೆ ಉಳಿದವುಗಳ ರಂಧ್ರ ದೊಡ್ಡದು, ಪ್ಯಾಡ್ ದೊಡ್ಡದು, ಹಾಗಾಗಿ ಓರೆಯಾಗುವ ತೊಂದರೆಯೂ ಇಲ್ಲೇ ಜಾಸ್ತಿ. ತಟ್ಟೆ ಬೇಕಾದ ಜಾಗವೂ ಮೆತ್ತಗಿನ ಪ್ಯಾಡ್ ಬೇಕಾದ ಜಾಗವೂ ಒಂದೇ ವಾದ್ಯದಲ್ಲಿ ಹೀಗೆ ಬೇರೆ ಬೇರೆ ಇರುವುದು ನಮ್ಮ ಅದೃಷ್ಟ.

ಒಂದು ಸೀಸನ್, ಒಂದು ಮಳೆಗಾಲ

ಮದುವೆ ಸೀಸನ್ ಪೂರ್ತಿ ವಾದ್ಯ ದುಡಿಯಿತು. ಮಾರ್ಚ್‌ನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಯಲ್ಲೂ ನುಡಿಸಿ ಬಂದರು. ಘಟ್ಟದ ಮೇಲಿನ ಒಣ ಹವೆಗೆ ಹಿಂದೆ ಪ್ಯಾಡುಗಳು ಮುನಿಯುತ್ತಿದ್ದವು. ಈ ಸಲ ಕೆಳಗಿನ ಸ್ವರ ಹಾಗೇ ನಿಂತಿತು. ಹಿಂಡುವ ಅಭ್ಯಾಸ ಬಿಡಲು ಅಣ್ಣನಿಗೆ ಸ್ವಲ್ಪ ಕಾಲ ಬೇಕಾಯಿತು. ಬಿಟ್ಟ ಮೇಲೆ ಬೆರಳಿನ ನೋವು ಕಡಿಮೆಯಾಗಿದೆ.

ತೊಂದರೆ ಬರಲೇ ಇಲ್ಲ ಅಂತಲ್ಲ. ಲೋ ಇ ಫ್ಲಾಟ್‌ನ ನಡುವಿನ ಸ್ಕ್ರೂ ನಡುಗಿ ನಡುಗಿ ಸಡಿಲವಾಗಿತ್ತು. ಈಗ ಎಲ್ಲ ಸ್ಕ್ರೂಗಳ ಎಳೆಗೂ ಒಂದು ಹನಿ ನೈಲ್ ಪಾಲಿಶ್ ಹಾಕಿದ್ದೇನೆ. ಗಟ್ಟಿ ಹಿಡಿಯುತ್ತದೆ, ಬೇಕಾದಾಗ ಬಿಚ್ಚಲೂ ಬರುತ್ತದೆ. ಜಿ ಶಾರ್ಪ್ ತೇವದ ದಿನಗಳಲ್ಲಿ ಇನ್ನೂ ಅಂಟುತ್ತದೆ. ಅದು ಸಮ ಕೂರುವುದಕ್ಕೆ ಸಂಬಂಧಪಟ್ಟದ್ದಲ್ಲ, ಚರ್ಮದ ಮೇಲಿನ ಸಿಹಿ ಎಂಜಲಿನ ಅಂಟು. ಚಾ ಕುಡಿದ ಕೂಡಲೇ ಊದಬೇಡಿ, ಬಾಯಿ ಮುಕ್ಕಳಿಸಿ ಅಂತ ಹೇಳಿದ್ದೇನೆ. ನುಡಿಸಿ ಮುಗಿದ ಮೇಲೆ ಒಣ ಕಾಗದ ಇಟ್ಟು ತೇವ ಹೀರಿಸುತ್ತಾರೆ.

ಮಳೆಗಾಲ ಮುಗಿದು ಮತ್ತೆ ಬೆಳಕು ಬಿಟ್ಟು ನೋಡಿದಾಗ ಆರೂ ತಟ್ಟೆಗಳಲ್ಲಿ ಬೆಳಕು ಕಾಣಲಿಲ್ಲ. ಗುಬುಟಿನ ಸುತ್ತ ತುಕ್ಕು, ಬಿಳಿ ಪುಡಿ ಏನೂ ಇಲ್ಲ. ಮೆತ್ತನೆಯ ಪ್ಯಾಡುಗಳಲ್ಲಿ ಎರಡು ಓರೆಯಾಗಿದ್ದವು, ಬಿಸಿ ಮಾಡಿ ಸರಿ ಮಾಡಿದೆ. ಆ ಕೆಲಸ ಪ್ರತಿ ವರ್ಷ ಇರುತ್ತದೆ ಅಂತ ಅಣ್ಣ ಒಪ್ಪಿಕೊಂಡಿದ್ದಾರೆ.

ಈಗ ಅವರ ಶಿಷ್ಯನೊಬ್ಬನ ವಾದ್ಯ ನನ್ನ ಮೇಜಿನ ಮೇಲಿದೆ. ಆ ಹುಡುಗ ಹೆಚ್ಚಾಗಿ ಸಿನಿಮಾ ಹಾಡು ನುಡಿಸುತ್ತಾನೆ, ಬೆರಳು ಚುರುಕು, ಗಮಕ ಕಡಿಮೆ. ಅವನಿಗೆ ಬಲಗೈ ಕೀಗಳಿಗೂ ತಟ್ಟೆ ಬೇಕಂತೆ. ಗುರುಗಳ ಹತ್ತಿರ ತೋಡಿ ಪಾಠ ಶುರುವಾಗುವವರೆಗೆ ಕಾಯೋಣ ಅಂದಿದ್ದೇನೆ. ಅಲ್ಲಿಯವರೆಗೆ ಅದೇ ಆರು ಕೀಗಳ ರಂಧ್ರ ಮಟ್ಟಸ ಇದೆಯಾ ಅಂತ ನೋಡುತ್ತಿದ್ದೇನೆ.